ಹಾಲಪ್ಪಜ್ಜನ ಹಲಗೆ

ಹೊಳೆ ದಂಡೆಯ ಮೇಲೆ ಒಬ್ಬ ಅಜ್ಜ ಇದ್ದ. ಮಠದ ಅಜ್ಜ ಅಲ್ಲ, ಮೋಟಾರಿನ ಅಜ್ಜ. ಹೆಸರು ಹಾಲಪ್ಪ.

ಬಿಳಿ ದೊರೆಗಳ ಕಾಲದ ಕಾರಿಗೆ ಒಂದು ಬಿಡಿಭಾಗ ಬೇಕೆಂದರೆ, ಏಳೂರು ಸುತ್ತಿದವರೂ ಕಡೆಗೆ ಅವನ ತಗಡಿನ ಚಪ್ಪರಕ್ಕೇ ಬರಬೇಕಿತ್ತು. ಗುಂಡು ದೀಪ, ಹಿತ್ತಾಳೆ ಹಾರನ್, ಮರದ ಸ್ಟೀರಿಂಗು ಎಲ್ಲ ಅಲ್ಲಿ ಸಂತೆಯ ತರಕಾರಿ ಹಾಗೆ ಹರಡಿಕೊಂಡು ಬಿದ್ದಿರುತ್ತಿದ್ದವು.

ಅಜ್ಜನ ಕಟ್ಟಳೆ ಒಂದೇ. ಚಪ್ಪರದ ಬಾಯಲ್ಲಿ ಒಂದು ಹಲಗೆ. ಬಂದವರು ತಂದ ಸಾಮಾನನ್ನು ಅದರ ಮೇಲಿಡಬೇಕು. ಮಾರಲು ಬಂದವರು ಮಾರುವುದನ್ನು ಇಡುತ್ತಿದ್ದರು. ಕೊಳ್ಳಲು ಬಂದವರು, ಅಳತೆಗೆ ಇರಲಿ ಅಂತ ತಮ್ಮ ಕಾರಿನಿಂದ ಬಿಚ್ಚಿ ತಂದದ್ದನ್ನು ಇಡುತ್ತಿದ್ದರು. ಎರಡೂ ಹಳೇದೇ, ಎರಡಕ್ಕೂ ಮಸಿಯೇ.

ಮಾರೋಕೆ ಬಂದೆ ಅಂತಲೂ ಬಾಯಿ ಬಿಡುವಂತಿಲ್ಲ. ಕೊಳ್ಳೋಕೆ ಬಂದೆ ಅಂತಲೂ ಬಾಯಿ ಬಿಡುವಂತಿಲ್ಲ.

ಅಜ್ಜ ಅದನ್ನು ಕೈಗೆತ್ತಿಕೊಂಡು, ಇಂಥದ್ದು ಚೆನ್ನಾಗಿ ಓಡುವಂತಿದ್ದರೆ ಇಷ್ಟು ಅಂತ ಒಂದು ಬೆಲೆ ಹೇಳುತ್ತಿದ್ದ. ಆಮೇಲೆ ಬಂದವರ ಮಾತು. ಮಾರುವವರಿಗೆ ಅಷ್ಟೇ ಕೊಡುತ್ತಿದ್ದ, ಕೊಳ್ಳುವವರಿಂದ ಅಷ್ಟೇ ತೆಗೆದುಕೊಳ್ಳುತ್ತಿದ್ದ. ತೊಳೆದು, ತಿಕ್ಕಿ, ಕೂರಿಸಿಕೊಟ್ಟ ಕೂಲಿ ಬೇರೆ. ಅದರಲ್ಲೇ ಅವನ ಗಂಜಿ.

ಅವನಿಗೊಬ್ಬ ಶಿಷ್ಯ, ಕೆಂಚವೀರ. ಬಸ್ಸಿನ ಗ್ಯಾರೇಜಿನ ಕೆಲಸ ಬಿಟ್ಟು ಬಂದು ಒಂಬತ್ತು ವರ್ಷ ಆಗಿತ್ತು. ಮೀಸೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿತ್ತು. ಬಿಚ್ಚುವುದು, ಜೋಡಿಸುವುದು ಎಲ್ಲ ಕರಗತ. ಹಲಗೆಯ ಮುಂದೆ ಕೂರುವ ಭಾಗ್ಯ ಒಂದು ಮಾತ್ರ ಸಿಕ್ಕಿರಲಿಲ್ಲ. ಅದೊಂದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಒಂದು ದಿನ ಕೇಳಿಯೇಬಿಟ್ಟ. "ಅಜ್ಜಾ, ನಾನು ಬೆಲೆ ಹೇಳೋದು ಯಾವಾಗ?"

"ಹೇಳು, ಯಾರು ಬ್ಯಾಡ ಅಂದ್ರು? ಮೂರು ಸಲ ಕೂತು ನೋಡು. ಮೂರರಲ್ಲಿ ಒಂದು ಸಲ ಸರಿಯಾದ ಬೆಲೆ ಬಂದ್ರೂ ಹಲಗೆ ನಿಂದೇ."

"ಒಂದೂ ಬರದಿದ್ರೆ?"

"ಬಸ್ಸಿನ ಗ್ಯಾರೇಜು ಅಲ್ಲೇ ಇದೆಯಲ್ಲ," ಅಂದ ಅಜ್ಜ.

ಮಾರನೇ ದಿನ ಕೆಂಚವೀರ ಮಿಂದು, ಒಗೆದ ಅಂಗಿ ತೊಟ್ಟು ಹಲಗೆಯ ಮುಂದೆ ಕೂತ.

ಸೇತುವೆ ಕಡೆಯಿಂದ ಒಬ್ಬ ಹೆಂಗಸು ಬಂದಳು. ಮಾಬುಬಿ ಅಂತ. ಸೆರಗಿನಲ್ಲಿ ಕಟ್ಟಿ ತಂದಿದ್ದ ಒಂದು ಕಾರ್ಬುರೇಟರನ್ನು ಹಲಗೆಯ ಮೇಲಿಟ್ಟು ಸುಮ್ಮನೆ ನಿಂತಳು.

ಕೆಂಚವೀರ ಕಾರ್ಬುರೇಟರ್ ನೋಡಲಿಲ್ಲ. ಅವಳ ಬೆನ್ನ ಹಿಂದೆ ನೋಡಿದ. ಸೇತುವೆಯ ಮೇಲೆ ಒಂದು ಹಳೇ ಕಪ್ಪು ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಓಹೋ, ದಾರಿಯಲ್ಲಿ ಕೆಟ್ಟು ನಿಂತಿದೆ. ಕೊಳ್ಳದೆ ಎಲ್ಲಿಗೆ ಹೋಗ್ತಾಳೆ ಅಂದುಕೊಂಡ.

"ಆರು ಸಾವಿರ," ಅಂದ.

"ಆರಾ? ಬಾಯಿ ತಪ್ಪಿ ಬಂತೇನಪ್ಪಾ?"

"ಇಲ್ಲಿ ಹೇಳಿದ್ದು ಹೇಳಿದ್ದೇ, ಅಮ್ಮಾ. ಇಂಥದ್ದು ಈಗ ಎಲ್ಲಿ ಸಿಗುತ್ತೆ?"

"ಹಂಗಾದ್ರೆ ನೀನೇ ಇಟ್ಕೋ," ಅಂದಳು ಮಾಬುಬಿ. "ನಮ್ಮನೆಯವರು ಹೋದ ಮೇಲೆ ಆ ಗಾಡಿ ಓಡೇ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸ್ಕೊಂಡು ಬಂದೀನಿ, ಬಿಚ್ಚಿ ಮಾರೋಣ ಅಂತ. ಟ್ರ್ಯಾಕ್ಟರಿನವನು ಚಾ ಕುಡಿಯೋಕೆ ಹೋದ. ಇಂಥದ್ದೇ ಇನ್ನೊಂದು ಡಿಕ್ಕಿಯಲ್ಲಿದೆ. ಅದನ್ನೂ ತರಲೇನು?"

ಕೆಂಚವೀರ ಆಗ ಕಾರ್ಬುರೇಟರನ್ನು ಕೈಗೆತ್ತಿಕೊಂಡ. "ಅಲ್ಲಮ್ಮಾ, ಇದಕ್ಕೆ ತುಕ್ಕು ಹಿಡಿದಿದೆಯಲ್ಲ..."

"ಈಗ ಹಿಡೀತಾ?" ಅಂದಳು ಮಾಬುಬಿ.

ಒಳಗಿನಿಂದ ಅಜ್ಜನ ದನಿ ಬಂತು. "ಎರಡಕ್ಕೂ ಕೊಡು, ಕೆಂಚವೀರ. ಅಮ್ಮನ್ನ ಬಿಸಿಲಲ್ಲಿ ಎಷ್ಟು ಸಲ ಓಡಾಡಿಸ್ತಿ? ನೀನೇ ಹೋಗಿ ತಗೊಂಡು ಬಾ."

ಅವಳು ಹೋದ ಮೇಲೆ ಶಿಷ್ಯ ತಲೆ ತಗ್ಗಿಸಿ ನಿಂತ. "ನಿಮ್ಮ ದುಡ್ಡು ಹಾಳು ಮಾಡಿದೆ, ಅಜ್ಜಾ. ಬೈದುಬಿಡಿ."

"ದುಡ್ಡು ಎಲ್ಲಿ ಹಾಳಾಯ್ತು? ಆಯಮ್ಮನ ಹತ್ರ ಇದೆಯಲ್ಲ."

ಆ ದಿನವೆಲ್ಲ ಕೆಂಚವೀರ ಉಣ್ಣಲಿಲ್ಲ. ಕಣ್ಣೇ ಮೋಸ ಮಾಡಿತು ಅನ್ನಿಸಿತು. ಎರಡನೇ ಸಲ ಕೂತಾಗ ಹಲಗೆಗೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ಕೂತ.

ಅಜ್ಜ ನೋಡಿದ. "ಏನಪ್ಪಾ, ವ್ಯಾಪಾರದ ಮೇಲೆ ಮುನಿಸೋ?"

"ಬಂದವರು ಯಾರು ಅಂತ ಕಾಣಬಾರದು, ಅಜ್ಜಾ. ಅದಕ್ಕೆ."

"ಒಳ್ಳೇದು," ಅಂದ ಅಜ್ಜ.

ಸ್ವಲ್ಪ ಹೊತ್ತಿಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಗೋಣಿಚೀಲ ಜಣಜಣ ಅಂತು. ಹಲಗೆಯ ಮೇಲೆ ಏನೋ ಇಟ್ಟರು. ಕೆಂಚವೀರ ತಿರುಗದೆ ಕೈಯನ್ನಷ್ಟೇ ಹಿಂದೆ ಚಾಚಿ ಮುಟ್ಟಿದ. ಅದೂ ಮೊನ್ನೆಯ ಹಾಗಿನದೇ ಕಾರ್ಬುರೇಟರ್. ಸೈಕಲ್, ಗೋಣಿಚೀಲ. ಇನ್ನೇನು, ಗುಜರಿಯವನು, ಮಾರೋಕೇ ಬಂದಿದಾನೆ.

"ಒಂದು ಸಾವಿರ."

"ಸಾವಿರಾನಾ? ಹಂಗಾದ್ರೆ ಒಂದು ಕೊಡಿ," ಅಂದಿತು ದನಿ. "ನಮ್ಮ ಸಾಹುಕಾರರು ನಾಲ್ಕು ತಿಂಗಳಿಂದ ಹುಡುಕಿಸ್ತಾ ಇದ್ದಾರೆ. ಡ್ರೈವರ್ ಕೆಲಸ ನಂದು. ಕಾರೇ ಓಡಲ್ಲ ಅಂದ ಮೇಲೆ ಸೈಕಲ್ಲೇ ಗತಿ."

ಆರು ಸಾವಿರಕ್ಕೆ ಕೊಂಡದ್ದು ಒಂದು ಸಾವಿರಕ್ಕೆ ಹೋಯಿತು. ಅಜ್ಜನೇ ಎದ್ದು ಬಂದು ಅದನ್ನು ಒರೆಸಿ, ಕಾಗದದಲ್ಲಿ ಸುತ್ತಿ ಕೊಟ್ಟ.

ಸೈಕಲ್ ಹೋದ ಮೇಲೆ ಅಜ್ಜ ಹೇಳಿದ, "ಕಣ್ಣು ಆ ಕಡೆ ತಿರುಗಿಸಿ ಕಿವೀನ ಈ ಕಡೆ ಬಿಟ್ಟಿದ್ದೆ."

"ಕಿವಿಗೆ ಹತ್ತಿ ಇಟ್ಕೊಳ್ಳಲಾ?"

"ಇಟ್ಕೋ. ಮೂಗು ಉಳಿಯುತ್ತೆ."

ಕೆಂಚವೀರನಿಗೆ ಅಳು ಬಂದ ಹಾಗಾಯಿತು. "ನೀವು ಎಲ್ಲರನ್ನೂ ಕಣ್ಣು ತುಂಬ ನೋಡ್ತೀರಿ. ಮಕ್ಕಳೆಷ್ಟು, ಊಟ ಆಯ್ತಾ ಅಂತ ಕೇಳ್ತೀರಿ. ಆದ್ರೂ ಬೆಲೆ ತಪ್ಪಲ್ಲ. ಅದು ಹೇಗೆ?"

ಅಜ್ಜ ಮಾಬುಬಿ ಕೊಟ್ಟದ್ದರಲ್ಲಿ ಉಳಿದಿದ್ದ ಇನ್ನೊಂದು ಕಾರ್ಬುರೇಟರನ್ನೂ ಒಂದು ಬಟ್ಟಲು ಸೀಮೆಎಣ್ಣೆಯನ್ನೂ ಅವನ ಮುಂದಿಟ್ಟ. "ತೊಳಿ," ಅಂದ.

ಕೆಂಚವೀರ ತೊಳೆದು ತಂದ.

"ಇನ್ನೊಂದು ಸಲ," ಅಂದ ಅಜ್ಜ.

ಹಾಗೆ ಎಂಟು ದಿನ. ಮೊದಮೊದಲು ಮೂರನೇ ಸಲದ ಚಿಂತೆಯಲ್ಲೇ ತೊಳೆಯುತ್ತಿದ್ದ. ಬಸ್ಸಿನ ಗ್ಯಾರೇಜಿನ ಗೇಟು ಕಣ್ಣ ಮುಂದೆ ಬರುತ್ತಿತ್ತು. ಆಮೇಲಾಮೇಲೆ ಅದೂ ಬರುವುದು ನಿಂತಿತು. ತೂತಿನಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕರೆ ಅದನ್ನು ತೆಗೆಯುವುದೇ ಒಂದು ಹೊತ್ತಿನ ಕೆಲಸವಾಗುತ್ತಿತ್ತು.

ಒಂಬತ್ತನೇ ದಿನ ಅಜ್ಜ ಕೇಳಿದ. "ಏನು ಕಂಡೆ?"

"ಒಳಗೆ ಪೆಟ್ರೋಲಿನಲ್ಲಿ ತೇಲೋ ಹಿತ್ತಾಳೆ ಬುರುಡೆಗೆ ಯಾರೋ ಬೆಸುಗೆ ಹಾಕಿದಾರೆ. ಸಾಸಿವೆಯಷ್ಟೇ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿಯಿಲ್ಲ. ಆಯಮ್ಮನ ಯಜಮಾನರೇ ಇರಬೇಕು."

"ಎಷ್ಟು ವರ್ಷ ಓಡುತ್ತೆ?"

"ನಮ್ಮಿಬ್ಬರಿಗಿಂತ ಹೆಚ್ಚು."

"ಆರು ಸಾವಿರ ಬಾಳುತ್ತಾ?"

ಕೆಂಚವೀರ ಅದನ್ನು ತಿರುಗಿಸಿ ನೋಡಿದ. "ಇಲ್ಲ, ಅಜ್ಜಾ. ಹೊಸದಾಗಿ ಎರಕ ಹೊಯ್ಯಿಸಿದ್ರೇ ನಾಲ್ಕೂವರೆ ಸಾವಿರಕ್ಕೆ ಆಗುತ್ತೆ."

"ಒಂದು ಸಾವಿರ?"

"ಹಾಗಂದ್ರೆ ಈ ಬೆಸುಗೆ ಹಾಕಿದ ಕೈಗೆ ಅವಮಾನ."

ಅಜ್ಜ ಎದ್ದು ಹೊಳೆಗೆ ಮೀಯಲು ಹೋದ.

ಮೂರನೇ ಸಲವೂ ಬಂತು. ಕೆಂಚವೀರ ಮತ್ತೆ ಹಲಗೆಗೆ ಬೆನ್ನು ಹಾಕಿ ಕೂತ. ಅಜ್ಜ ಪಕ್ಕದಲ್ಲಿ ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತಿದ್ದ.

ಯಾರೋ ಬಂದರು. ಕಾರೋ, ಸೈಕಲ್ಲೋ, ನಡೆದೋ, ಏನೋ ಒಂದು. ಹಲಗೆಯ ಮೇಲೆ ಭಾರದ್ದೊಂದನ್ನು ಇಟ್ಟರು.

ಕೆಂಚವೀರ ಹಿಂದೆ ಕೈ ಚಾಚಿ ಅದನ್ನು ಮಡಿಲಿಗೆಳೆದುಕೊಂಡ. ಡೈನಮೊ. ಕಾರಿನ ದೀಪಕ್ಕೆ ವಿದ್ಯುತ್ತು ಹುಟ್ಟಿಸುವಂಥದ್ದು.

ಅಚ್ಚನ್ನು ಬೆರಳಿನಿಂದ ತಿರುಗಿಸಿದ. ಬೇರಿಂಗು ಒಂದು ಕಡೆ ಸ್ವಲ್ಪ ಕರಕರ ಅಂದಿತು. ಮುಚ್ಚಳ ಬಿಚ್ಚಿ ಒಳಗಿನ ತಂತಿಯ ಸುತ್ತು ನೋಡಿದ. ಸುಟ್ಟ ಗುರುತಿಲ್ಲ. ಇದನ್ನು ಹೊಸದಾಗಿ ಸುತ್ತಬೇಕಾದರೆ ಎಷ್ಟು ತಾಮ್ರ ಬೇಕು, ಎಷ್ಟು ದಿನ ಹಿಡಿಯುತ್ತೆ ಅಂತ ಮನಸ್ಸಿನಲ್ಲೇ ಸುತ್ತತೊಡಗಿದ. ಅಷ್ಟರಲ್ಲಿ ಹೊಳೆಯಲ್ಲಿ ಒಂದು ತೆಪ್ಪ ಈ ದಡದಿಂದ ಆ ದಡ ಮುಟ್ಟಿತು. ಬಂದವರು ಒಮ್ಮೆ ಕೆಮ್ಮಿದರು. ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಮುಚ್ಚಳ ಮುಚ್ಚಿ, ತಿರುಪು ಬಿಗಿದು, ಅಂಗಿಯ ತುದಿಯಿಂದ ಒರೆಸಿದ.

"ಮೂರು ಸಾವಿರದ ಇನ್ನೂರು," ಅಂದ. "ಬೇರಿಂಗು ಬದಲಾಯಿಸಿದ ಕೂಲಿ ಬೇರೆ."

ಹಿಂದಿದ್ದವರು ಏನೋ ಹೇಳಲು ಬಾಯಿ ತೆರೆದರು. ಅಜ್ಜ ಕೈಯೆತ್ತಿ ತಡೆದ.

"ಕೆಂಚವೀರ, ಬಂದವರು ಮಾರೋರೋ, ಕೊಳ್ಳೋರೋ?"

ಕೆಂಚವೀರ ಮಡಿಲಲ್ಲಿದ್ದುದನ್ನೇ ನೋಡುತ್ತಿದ್ದ.

"ಯಾರಾದ್ರೂ ಬಂದಿದಾರಾ, ಅಜ್ಜಾ?"

ಅಜ್ಜ ಸುಣ್ಣ ಸವರಿದ ಎಲೆ ಮಡಿಸಿ ಬಾಯಿಗಿಟ್ಟುಕೊಂಡ.

"ಬಂದಿದಾರೆ. ಈಚೆ ತಿರುಗಿ ಕೂತ್ಕೋ. ಇನ್ನು ನೀನೂ ಅವರ ಮುಖ ನೋಡಬಹುದು."