ಕೊಟ್ರೇಶ ಹೊಲಿದ ಪುಸ್ತಕ

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಒಂದು ಪದ್ಧತಿಯಿತ್ತು. ಹರಿದ ಪುಸ್ತಕವನ್ನು ಚೆನ್ನಾಗಿ ಹೊಲಿದುಕೊಟ್ಟ ಶಿಷ್ಯನೇ ಸಂಜೆ ಮಣೆಯ ಮೇಲೆ ಕೂತು ಊರವರಿಗೆ ಅದನ್ನು ಓದಿ ಹೇಳಬೇಕು.

ಕೊಟ್ರೇಶನಿಗೆ ಆ ಮಣೆ ಇನ್ನೂ ಸಿಕ್ಕಿರಲಿಲ್ಲ. ಅದಕ್ಕಾಗಿ ಅವನ ಜೀವ ಹಾತೊರೆಯುತ್ತಿತ್ತು.

ಈ ಸಲ ಅವನ ಪಾಲಿಗೆ ಬಂದದ್ದು ಒಂದು ತೆಳ್ಳನೆಯ ಕಾದಂಬರಿ. ಕಾಲಯಂತ್ರದ ಕಥೆ, ಅಂದರೆ ಹಿಂದಿನ ವರ್ಷಗಳಿಗೆ ಹೋಗಿಬರುವ ಹೆಂಗಸೊಬ್ಬಳ ಕಥೆ. ಚಿಕ್ಕದು, ಆದರೆ ಬಲು ಸಿಕ್ಕು.

ಹೊಲಿದು ತಂದವನು ಗುರು ಮರುಳಸಿದ್ಧಯ್ಯನವರ ಮುಂದೆ ಎದೆಯುಬ್ಬಿಸಿ ನಿಂತ.

"ಬುದ್ಧೀ, ಬರೆದವರು ಎಲ್ಲ ಕಲಸಿಬಿಟ್ಟಿದ್ದರು. ಮುದುಕಿಯಾದ ಮೇಲೆ ಹುಡುಗಿ, ಹುಡುಗಿಯಾದ ಮೇಲೆ ಮತ್ತೆ ಮುದುಕಿ! ಅಧ್ಯಾಯಗಳನ್ನೆಲ್ಲ ಬಿಚ್ಚಿ, ಇಸವಿಯ ಪ್ರಕಾರ ಜೋಡಿಸಿ ಹೊಲಿದಿದ್ದೇನೆ. ಈಗ ಎಂಥ ದಡ್ಡನಿಗೂ ಅರ್ಥವಾಗುತ್ತದೆ."

ಗುರುಗಳು ಪುಸ್ತಕ ತಿರುವಿದರು. "ಓದುವಾಗ ಅತ್ತೆಯೇನೋ?"

ಕೊಟ್ರೇಶ ನಾಚಿದ. "ಕೊನೆಯಲ್ಲಿ, ಬುದ್ಧೀ. ಬಾವಿಯ ಹತ್ತಿರ ಹುಡುಗಿಗೆ ನೀರು ಕೊಟ್ಟ ಮುದುಕಿ ಬೇರೆ ಯಾರೂ ಅಲ್ಲ, ವಯಸ್ಸಾದ ಅದೇ ಹುಡುಗಿ ಅಂತ ಗೊತ್ತಾದಾಗ."

"ಆ ಅಧ್ಯಾಯ ಈಗ ಎಲ್ಲಿದೆ?"

"ಮೊದಲಿಗೇ."

"ಹಾಗಾದರೆ ಊರವರು ಎಲ್ಲಿ ಅಳಬೇಕಪ್ಪಾ?"

ಕೊಟ್ರೇಶನ ಮುಖ ಇಳಿಯಿತು. ಸಂಜೆಯ ಮಣೆ ಕೈತಪ್ಪಿತು ಅನ್ನಿಸಿತು.

"ಮೊದಲಿದ್ದ ಹಾಗೆ ಜೋಡಿಸೋಣವೆಂದರೆ ಪುಟಗಳ ಸಂಖ್ಯೆಯೇ ಇಲ್ಲ, ಬುದ್ಧೀ. ಗೆದ್ದಲು ತಿಂದ ಅಂಚು ಕತ್ತರಿಸುವಾಗ ಅವೂ ಹೋದವು."

"ಸಂಖ್ಯೆ ಹಾಳಾಗಲಿ. ಯಾವ ಅಧ್ಯಾಯ ಓದುವಾಗ ನಿನಗೆ ಏನು ಗೊತ್ತಿರಲಿಲ್ಲ, ಅದನ್ನು ನೆನಪು ಮಾಡಿಕೋ."

ಕೊಟ್ರೇಶ ಹೊಂಗೆಮರದ ಕೆಳಗೆ ಅಧ್ಯಾಯಗಳನ್ನು ಹರಡಿಕೊಂಡು ಕೂತ.

ಇಲ್ಲಿ ಮುದುಕಿಯನ್ನು ಕಳ್ಳಿ ಅಂದುಕೊಂಡಿದ್ದೆ. ಇಲ್ಲಿ ಸಣ್ಣ ಅನುಮಾನ ಬಂತು. ಇಲ್ಲಿ ಎದೆ ಝಲ್ಲೆಂದಿತು.

ಏನೂ ತಿಳಿಯದೆ ಓದುತ್ತಿದ್ದ ತನ್ನನ್ನೇ ಹುಡುಕಿಕೊಂಡು ಹೋಗಿ, ಒಂದೊಂದೇ ಅಧ್ಯಾಯ ಹೊಲಿದ. ಮುಗಿಸಿ ತಂದಾಗ ಗುರುಗಳು ಪುಸ್ತಕ ತಿರುವಿ ನೋಡಿದರು. ಮಣೆಯನ್ನು ಅವನ ಕಡೆಗೆ ಸರಿಸಿದರು.

ಸಂಜೆ ಓದು ಕೊನೆಗೆ ಬಾವಿಯ ಅಧ್ಯಾಯಕ್ಕೆ ಬಂದಾಗ ಮುಂದೆ ಕೂತಿದ್ದ ಹಾಲವ್ವ, "ಅಯ್ಯೋ, ಅವಳೇ ಕಣ್ರೋ ಇವಳು!" ಎಂದು ಕೂಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊಟ್ರೇಶನಿಗೆ ಕಥೆಯನ್ನು ತಾನೇ ಬರೆದಷ್ಟು ಹೆಮ್ಮೆಯಾಯಿತು.

ಜನ ಎದ್ದುಹೋದ ಮೇಲೆ ಕೇಳಿದ: "ಬುದ್ಧೀ, ಅಂಥ ಕಾಲಯಂತ್ರವನ್ನು ನಿಜವಾಗಿಯೂ ಯಾರಾದರೂ ಮಾಡಬಹುದೇ?"

ಗುರುಗಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

"ಮಧ್ಯಾಹ್ನ ಹೊಂಗೆಮರದ ಕೆಳಗೆ ಕೂತು ಮಾಡಿದೆಯಲ್ಲೋ."