ವಾಸನೆ ಬಿಡದ ದಾರಿ

ಮಾವಿನ ಮರದ ಕೆಂಜಿಗ ಇರುವೆಗಳ ಸೈನ್ಯ ಎಷ್ಟಿದೆಯೆಂದು ಗುಟ್ಟಾಗಿ ಎಣಿಸಿ ಬರಲು ಕಪ್ಪು ಗೊದ್ದಗಳ ಮಂತ್ರಿ ಇಪ್ಪತ್ತು ಮಂದಿಯನ್ನು ಆರಿಸಿದ. "ನಮ್ಮ ಸುಳಿವು ಯಾರಿಗೂ ಸಿಗಬಾರದು. ದಾರಿಯಲ್ಲಿ ಒಬ್ಬರೂ ವಾಸನೆ ಬಿಡಕೂಡದು," ಎಂದು ಅಪ್ಪಣೆ ಮಾಡಿದ.

ಅವರಿಗೆಲ್ಲ ಬೇಹಿನ ಕೆಲಸ ಕಲಿಸಿದ್ದ ಮುದುಕಿ ದುಗ್ಗಜ್ಜಿಗೆ ತಲೆ ಕೆಟ್ಟುಹೋಯಿತು. "ಮಂತ್ರಿಗಳೇ, ನಾವು ಇರುವೆಗಳು. ಹೋಗುವಾಗ ಬಿಟ್ಟ ವಾಸನೆ ಹಿಡಿದೇ ಮನೆಗೆ ಮರಳುವವರು. ಅದಿಲ್ಲದೆ ಇವರು ಹೇಗೆ ಬರಬೇಕು?"

"ಅದು ಆಮೇಲಿನ ಮಾತು, ಅಜ್ಜಿ. ರಾಜತಂತ್ರ ನಿಮಗೆ ತಿಳಿಯದು."

"ಆಮೇಲಿನ ಮಾತನ್ನು ಮೊದಲೇ ಯೋಚಿಸಲಿ ಅಂತ ತಾನೇ ನಿಮ್ಮನ್ನು ಮಂತ್ರಿ ಮಾಡಿದ್ದು?"

ಮಂತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ಮಂದಿ ಹೊರಟರು. ಮೂರು ದಿನವಾದರೂ ಒಬ್ಬರೂ ಮರಳಲಿಲ್ಲ.

ನಾಲ್ಕನೆಯ ದಿನ ಕೆಂಜಿಗವೊಂದು ಗೂಡಿನ ಬಾಗಿಲಿಗೇ ಬಂದಿತು. "ನಮ್ಮ ಮರದ ಬುಡದಲ್ಲಿ ಇಪ್ಪತ್ತು ಗೊದ್ದಗಳು ದಾರಿ ತಪ್ಪಿ ಸುತ್ತುತ್ತಿವೆ. ನಿಮ್ಮವರೇ?"

"ಅಲ್ಲ. ಅವರು ಯಾರೋ ನಮಗೆ ಗೊತ್ತಿಲ್ಲ," ಎಂದ ಮಂತ್ರಿ.

"ಸರಿ. ಹಾಗಾದರೆ ಸಂಜೆಯ ಊಟಕ್ಕಾಯಿತು," ಎಂದು ಕೆಂಜಿಗ ಹೊರಟುಹೋಯಿತು.

ಮಂತ್ರಿ ಮೀಸೆ ತೀಡಿಕೊಂಡ. "ನೋಡಿದಿರಾ ಅಜ್ಜಿ? ಗುಟ್ಟು ಉಳಿಯಿತು."

ದುಗ್ಗಜ್ಜಿ ಹಾಡಹಗಲಲ್ಲೇ ಬಾಗಿಲು ದಾಟಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ದಟ್ಟವಾಗಿ ವಾಸನೆ ಬಿಡುತ್ತ ಮಾವಿನ ಮರದ ಕಡೆ ನಡೆದಳು.

"ಏನು ಮಾಡುತ್ತಿದ್ದೀರಿ? ಶತ್ರುವಿಗೆ ನಮ್ಮ ಮನೆಯ ದಾರಿ ತಿಳಿದುಬಿಡುತ್ತದೆ!" ಮಂತ್ರಿ ಕೂಗಿಕೊಂಡ.

"ಶತ್ರು ಈಗ ತಾನೇ ಬಂದು ಹೋದನಲ್ಲ ಮಹರಾಯ! ದಾರಿ ತಿಳಿಯದಿರುವುದು ನಮ್ಮ ಮಕ್ಕಳಿಗೆ ಮಾತ್ರ."