ಬಾಲದ ಬಣ್ಣ, ಮೂಗಿನ ಸೀಸ

ಇನಾಸಪ್ಪನು ಹಗುರವಾದ ಬಾಲ್ಸಾ ಕಟ್ಟಿಗೆಯಿಂದ ಒಂದು ಪುಟ್ಟ ವಿಮಾನವನ್ನು ಕಟ್ಟಿದನು. ಅವನು ಕೈಯಲ್ಲಿ ಹಿಡಿದ ಎರಡು ತಂತಿಗಳ ತುದಿಯಲ್ಲಿ ಅದು ಅವನ ಸುತ್ತಲೇ ಹಾರಬೇಕಾಗಿತ್ತು.

"ಸ್ವಾಮಿ," ಎಂದಿತು ವಿಮಾನದ ಬಾಲ, "ನೋಡುವವರ ಕಣ್ಣು ಕೊನೆಗೆ ನಿಲ್ಲುವುದು ನನ್ನ ಮೇಲೆ. ನನಗೊಂದಿಷ್ಟು ಕೆಂಪು ಬಣ್ಣ ಬಳಿಯಿರಿ."

ಇನಾಸಪ್ಪ ಬಳಿದನು. "ಸುಮ್ಮನೆ ಹೇಳಬಾರದು, ನಿನಗೆ ಒಪ್ಪುತ್ತದೆ" ಎಂದು ಮೇಲೊಂದು ಕೈ ವಾರ್ನಿಷನ್ನೂ ಹಚ್ಚಿದನು. ಆಮೇಲೆ ರೆಕ್ಕೆಗಳ ಕೆಳಗೆ ಬೆರಳಿಟ್ಟು ಎತ್ತಿ ನೋಡಿದರೆ ಬಾಲ ಜೋತುಬಿತ್ತು. ತೂಕ ಸರಿದೂಗಲೆಂದು ಅವನು ವಿಮಾನದ ಮೂಗಿಗೆ ಸೀಸದ ತುಂಡೊಂದನ್ನು ಅಂಟಿಸಿದನು.

"ಇದೇನು ನ್ಯಾಯ, ಬಾಲವೇ?" ಎಂದಿತು ಮೂಗು. "ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಇಲ್ಲಿ ಮೂಗುತಿ ನಿನ್ನದು, ಭಾರ ನನ್ನದು."

"ನಾನು ತೊಟ್ಟಿದ್ದು ಸಾಸಿವೆಯಷ್ಟು ಬಣ್ಣ," ಎಂದಿತು ಬಾಲ. "ನೀನು ಹೊತ್ತಿರುವುದು ಹುಣಸೆಬೀಜದಷ್ಟು ಸೀಸ. ಅದಕ್ಕೆ ನಾನು ಹೇಗೆ ಹೊಣೆ?"

"ನಾನಿರುವುದು ರೆಕ್ಕೆಯ ಪಕ್ಕದಲ್ಲೇ, ನೀನಿರುವುದು ಅಷ್ಟು ದೂರದ ತುದಿಯಲ್ಲಿ. ಅಲ್ಲಿ ಕೂತ ನೊಣವನ್ನೂ ಇಲ್ಲಿ ಕಲ್ಲಿಟ್ಟು ತೂಗಬೇಕು."

ಬಾಲ ಕಿವಿಗೆ ಹಾಕಿಕೊಳ್ಳದೆ ಅಂಚಿಗೆ ಬಂಗಾರದ ಗೆರೆ ಬೇಡಿತು. ಗೆರೆ ಬಂತು. ಅದರ ಹಿಂದೆಯೇ ಮೂಗಿಗೆ ಇನ್ನೊಂದು ತುಂಡು ಸೀಸವೂ ಬಂತು.

ಮೈದಾನದಲ್ಲಿ ಎಂಜಿನ್ ಭೋರ್ಗರೆಯಿತು. ವಿಮಾನ ಮೇಲೇಳದೆ, ಗಾಣದೆತ್ತಿನಂತೆ ನೆಲದ ಮೇಲೆಯೇ ಸುತ್ತಿ ಸುತ್ತಿ, ಎಣ್ಣೆ ತೀರಿದಾಗ ನಿಂತಿತು.

"ನೋಡಿದಿರಾ ಸ್ವಾಮಿ," ಎಂದಿತು ಬಾಲ, "ಈ ಮೂಗಿನ ಭಾರದಿಂದ ನಮ್ಮೆಲ್ಲರ ಮಾನ ಹೋಯಿತು. ಕೆರೆದು ತೆಗೆಯಿರಿ."

"ಕೆರೆಯಲೇಬೇಕು" ಎಂದು ಇನಾಸಪ್ಪ ಜೇಬಿನಿಂದ ಸ್ಯಾಂಡ್‌ಪೇಪರ್ ತೆಗೆದು, ವಿಮಾನವನ್ನು ತೊಡೆಯ ಮೇಲೆ ತಿರುಗಿಸಿಕೊಂಡು, ಬಾಲವನ್ನು ಹಿಡಿದನು.